ಗುಂಡಿಯಲ್ಲಿ ಆಳು ಇದ್ದಾಗ ಒತ್ತಿದ ಮೂರು ಕೀ

ಮಧ್ಯಾಹ್ನ ಎರಡು ಗಂಟೆ ಮೂರು ನಿಮಿಷ. ಕಂಟ್ರೋಲ್ ರೂಮಿನ ಗಡಿಯಾರವನ್ನು ನಾನು ನೋಡಿದ್ದು ಗಾಬರಿಯಿಂದಲ್ಲ. ಬಂಗಾರಪೇಟೆಗೆ ಹೋಗುವ ಸಂಜೆಯ ರೈಲಿಗೆ ಇನ್ನೂ ಎಷ್ಟು ಹೊತ್ತಿದೆ ಎಂದು ನೋಡಿದ್ದೆ, ಅಷ್ಟೆ. ಅದೇ ಹೊತ್ತಿಗೆ ಪಕ್ಕದಲ್ಲಿ ನಿಂತಿದ್ದ ಆಪರೇಟರ್ ಕೀಬೋರ್ಡಿನ ಮೇಲೆ ಮೂರು ಬೆರಳಿಟ್ಟಳು. ಕಂಟ್ರೋಲ್, ಆಲ್ಟ್, ಡಿಲೀಟ್. ಎದುರಿನ ಪರದೆ ಕಪ್ಪಾಯಿತು.

"ಅಯ್ಯೋ, ಇದಾ? ನಾನು ಆ ಕಡೇದು ಅಂದ್ಕಂಡೆ," ಎಂದಳು.

"ಬಿಡಿ, ಮತ್ತೆ ಎದ್ದೇಳುತ್ತೆ," ಎಂದೆ.

ಈ ಎರಡು ಮಾತು ನನ್ನ ಕಿವಿಯಿಂದ ಇನ್ನೂ ಹೋಗಿಲ್ಲ.

ನಮ್ಮದು ಕೆಜಿಎಫ್‌ನಲ್ಲಿ ಹೈಡ್ರಾಲಿಕ್ ಸಿಲಿಂಡರ್ ಮಾಡುವ ಸಣ್ಣ ಕಾರ್ಖಾನೆ. ಅಲ್ಲಿಯ ಕಂಪ್ಯೂಟರ್‌ಗಳ ಉಸ್ತುವಾರಿ ನನ್ನದು. ಮಣ್ಣು ತೋಡುವ ಯಂತ್ರದ ಕೈ ಮೇಲೆ ಕೆಳಗೆ ಆಡುತ್ತದಲ್ಲ, ಆ ಕೈಯನ್ನು ತಳ್ಳುವ ದಪ್ಪ ಕೊಳವೆಯೇ ಸಿಲಿಂಡರ್. ತಯಾರಾದ ಪ್ರತಿ ಸಿಲಿಂಡರನ್ನೂ ನೆಲದಲ್ಲಿ ಎದೆಮಟ್ಟ ತೋಡಿದ ಟೆಸ್ಟ್ ಗುಂಡಿಯಲ್ಲಿ ಮಲಗಿಸಿ, ಎಣ್ಣೆ ತುಂಬಿ, ಒತ್ತಡ ಏರಿಸಿ, ಸೋರುತ್ತದೆಯೇ ಎಂದು ನೋಡುತ್ತಾರೆ. ಗುಂಡಿಯ ಉದ್ದಕ್ಕೂ ಹಳಿಯ ಮೇಲೆ ಹಿಂದೆ ಮುಂದೆ ಸರಿಯುವ ಒಂದು ಉಕ್ಕಿನ ದಿಮ್ಮಿಯಿದೆ. ಸಿಲಿಂಡರಿಗೆ ಎದುರು ನಿಂತು ತಲೆ ಕೊಟ್ಟು ಒತ್ತುವುದು ಅದರ ಕೆಲಸ. ಕಾಗದದಲ್ಲಿ ಅದಕ್ಕೆ ಏನೋ ಹೆಸರಿದೆ. ನಮ್ಮಲ್ಲಿ ಎಲ್ಲರೂ ಅದನ್ನು ಕೋಣ ಎನ್ನುತ್ತಾರೆ. ಕೆಲಸ ಮುಗಿದ ಮೇಲೆ ಅದು ಹಿಂದಿನ ಗೋಡೆಗೆ ಹೋಗಿ ತಾಗಿ ನಿಲ್ಲುವ ಜಾಗಕ್ಕೆ ಕೊಟ್ಟಿಗೆ ಎಂದು ಹೆಸರು.

ಕೋಣವನ್ನು ನಡೆಸುವುದು ಕಂಟ್ರೋಲ್ ರೂಮಿನ ಲಿನಕ್ಸ್ ಕಂಪ್ಯೂಟರ್. ಯುನಿಕ್ಸ್ ಜಾತಿಯದು. ಆ ಜಾತಿಯ ಸ್ವಭಾವದಂತೆ ಇದೂ ಒಬ್ಬರ ಸೊತ್ತಲ್ಲ. ಆಪರೇಟರ್ ಎದುರು ಕೂತು ಪರೀಕ್ಷೆ ನಡೆಸುತ್ತಿರುವಾಗಲೇ, ಕ್ವಾಲಿಟಿಯವರು ತಮ್ಮ ಮೇಜಿನಿಂದ ಅದರೊಳಗೆ ಬಂದು ಹಳೆಯ ಪರೀಕ್ಷೆಗಳನ್ನು ನೋಡುತ್ತಿರುತ್ತಾರೆ, ಮೇಂಟೆನೆನ್ಸ್‌ನವರು ಎಣ್ಣೆಯ ಬಿಸಿ ನೋಡುತ್ತಿರುತ್ತಾರೆ. ಆದರೆ ಕೀಬೋರ್ಡ್ ಇರುವುದು ಒಂದೇ. ಅದರ ಮುಂದೆ ಯಾರು ನಿಂತರೂ, ಹೆಸರು ಹೇಳದೆ, ಪಾಸ್‌ವರ್ಡ್ ಕೊಡದೆ, ಆ ಮೂರು ಕೀ ಒತ್ತಿ ಎಲ್ಲರ ಕೆಲಸವನ್ನೂ ಕೆಡವಿ ಕಂಪ್ಯೂಟರನ್ನು ಹೊಸದಾಗಿ ಎಬ್ಬಿಸಬಹುದಿತ್ತು. ಮಾರಿದ ಕಂಪನಿಯವರು ಹಾಗೇ ಬಿಟ್ಟುಹೋಗಿದ್ದರು.

ಪಕ್ಕದಲ್ಲೇ, ಅದೇ ಮೇಜಿನ ಮೇಲೆ, ಹಾಜರಿಯ ವಿಂಡೋಸ್ ಕಂಪ್ಯೂಟರ್. ಶಿಫ್ಟಿಗೆ ಬಂದವರು ಮೊದಲು ಅದರಲ್ಲಿ ತಮ್ಮ ಹೆಸರಿಗೆ ಹೋಗಬೇಕು. ಹೋಗಲು ಒತ್ತಬೇಕಾದದ್ದು ಅದೇ ಮೂರು ಕೀ. ತಡವಾದರೆ ಅರ್ಧ ದಿನದ ಹಾಜರಿ ಹೋಗುತ್ತದೆ. ಆದ್ದರಿಂದ ಒಳಗೆ ಬಂದವರು ಚಪ್ಪಲಿ ಬಿಡುವ ಮೊದಲೇ, ಹೊಸ್ತಿಲು ಮುಟ್ಟಿ ಕಣ್ಣಿಗೊತ್ತಿಕೊಂಡಷ್ಟು ಸಹಜವಾಗಿ, ಮೂರು ಕೀ ಒತ್ತುತ್ತಿದ್ದರು. ಎರಡೂ ಕೀಬೋರ್ಡ್ ಒಂದೇ ಬಣ್ಣ, ಒಂದೇ ಅಳತೆ. ಸ್ಟೋರಿನವರು ಒಟ್ಟಿಗೆ ತರಿಸಿದ್ದು. ಎರಡರ ಪರದೆಯೂ ಸ್ವಲ್ಪ ಹೊತ್ತು ಮುಟ್ಟದಿದ್ದರೆ ಒಂದೇ ರೀತಿ ಕಪ್ಪಾಗುತ್ತಿತ್ತು. ಆಗಾಗ ಲಿನಕ್ಸ್ ತನ್ನಷ್ಟಕ್ಕೆ ಬಿದ್ದು ಎದ್ದಿದೆ ಎಂದು ಕ್ವಾಲಿಟಿಯವರು ನನ್ನ ಮೇಲೆ ರೇಗುತ್ತಿದ್ದರು. ವೈರಿಂಗ್ ದೋಷ ಇರಬಹುದೆಂದು ನಾನು ವೈರ್ ಹುಡುಕುತ್ತಿದ್ದೆ.

ಆ ಮಧ್ಯಾಹ್ನ ಗುಂಡಿಯಲ್ಲಿ ಫಿಟ್ಟರ್ ಅಣ್ಣ ಇದ್ದರು. ಸೋರಿಕೆ ಹುಡುಕುತ್ತಿದ್ದರು. ಪಂಪ್ ನಿಲ್ಲಿಸಿದರೆ ಸೋರಿಕೆ ಕಾಣುವುದಿಲ್ಲ, ಆದ್ದರಿಂದ ಪಂಪ್ ಕಡಿಮೆ ಒತ್ತಡದಲ್ಲಿ ನಡೆಯುತ್ತಿತ್ತು. ಕೋಣ ಸಿಲಿಂಡರಿನ ಕಡೆ ನಿಂತಿತ್ತು. ಅವರು ಅದರ ಹಿಂದೆ, ಕೊಟ್ಟಿಗೆಯ ಜಾಗದಲ್ಲಿ, ಗೋಡೆಗೆ ಬೆನ್ನು ಕೊಟ್ಟು ಕೂತಿದ್ದರು. ಇದು ನನಗೂ ಗೊತ್ತಿತ್ತು, ಎರಡರ ಶಿಫ್ಟಿಗೆ ಆಗಷ್ಟೇ ಬಂದಿದ್ದ ಆಪರೇಟರಿಗೂ ಗೊತ್ತಿತ್ತು. ಗೊತ್ತಿಲ್ಲದ್ದು ಇನ್ನೊಂದು. ಕಂಪ್ಯೂಟರ್ ಎದ್ದಾಗಲೆಲ್ಲ ಅದರೊಳಗಿನ ಪ್ರೋಗ್ರಾಮ್ ತಾನಾಗಿ ಶುರುವಾಗಿ, ಕೋಣ ಎಲ್ಲಿದೆ ಎಂದು ಅಳೆಯುವ ಸಲುವಾಗಿ, ಯಾರನ್ನೂ ಕೇಳದೆ ಅದನ್ನು ಕೊಟ್ಟಿಗೆಗೆ ಅಟ್ಟುತ್ತದೆ. ಬೆಳಿಗ್ಗೆ ಕಂಪ್ಯೂಟರ್ ಹಾಕುವಾಗಲೂ ಶಿಫ್ಟ್ ಬದಲಾಗುವಾಗಲೂ ಸಾಮಾನ್ಯವಾಗಿ ಪಂಪ್ ನಿಂತಿರುತ್ತದೆ, ಕೋಣ ಕದಲುವುದಿಲ್ಲ. ಕರೆಂಟ್ ಹೋದರೆ ಪಂಪೂ ನಿಂತುಬಿಡುತ್ತದೆ, ಅದನ್ನು ಕೈಯಿಂದಲೇ ಮತ್ತೆ ಹಾಕಬೇಕು. ಪಂಪ್ ನಡೆಯುತ್ತಿರುವಾಗ ಕಂಪ್ಯೂಟರ್ ಮಾತ್ರ ಬಿದ್ದು ಏಳಲು ಇದ್ದ ಸುಲಭದ ದಾರಿ ಆ ಮೂರು ಕೀ.

ಅದು ಏಳಲು ಒಂದೂವರೆ ನಿಮಿಷ ಬೇಕು. ಆ ಒಂದೂವರೆ ನಿಮಿಷ ನಾವಿಬ್ಬರೂ ನಿಂತು ಮಾತಾಡಿದೆವು. ಅವಳ ಊರು ಬೇತಮಂಗಲದ ಹತ್ತಿರ. ಬಸ್ಸಿನಲ್ಲಿ ಕಂಡಕ್ಟರ್ ಯಾರ ಜೊತೆಗೋ ಜಗಳವಾಡಿದ್ದನ್ನು ಅವನ ಹಾಗೆಯೇ ಮಾಡಿ ತೋರಿಸಿದಳು. ನಾನು ನಕ್ಕೆ. ಪರದೆಯ ಮೇಲೆ ಸಾಲುಗಳು ಏರುತ್ತಿದ್ದವು, ಪ್ರತಿ ಸಾಲಿನ ಮೊದಲಿಗೂ ಹಸಿರು ಅಕ್ಷರದಲ್ಲಿ ಓಕೆ. ಓಕೆ, ಓಕೆ, ಓಕೆ. ಕೊನೆಯಲ್ಲಿ ಪ್ರೋಗ್ರಾಮಿನ ಸಾಲು ಬಂತು: ಕೊಟ್ಟಿಗೆಗೆ ಕಳಿಸಲಾಗುತ್ತಿದೆ ಎಂಬ ಅರ್ಥದ ಎರಡು ಇಂಗ್ಲಿಷ್ ಪದ. ನಾನು ಅದನ್ನು ಓದಿದೆ. ಅರ್ಥವೂ ಆಯಿತು. ಕಾಲು ಏಳಲಿಲ್ಲ.

ಅವಳು ಓದಲಿಲ್ಲ. ಹಳಿಯ ಸದ್ದು ಕೇಳಿದಳು. ಬಾಗಿಲು ದಾಟಿ ಕಂಬದ ಮೇಲಿನ, ಯಂತ್ರ ನಿಲ್ಲಿಸುವ ಕೆಂಪು ಬಟನ್ನಿಗೆ ಅಂಗೈಯಿಂದ ಗುದ್ದಿದಳು. ಕೋಣ ನಿಂತಾಗ ಅದಕ್ಕೂ ಗೋಡೆಗೂ ನಡುವೆ ಒಂದು ಗೇಣು ಉಳಿದಿತ್ತು. ಆ ಗೇಣಿನಲ್ಲಿ ಫಿಟ್ಟರ್ ಅಣ್ಣನ ಹಳದಿ ಹೆಲ್ಮೆಟ್ ಸಿಕ್ಕಿ ಒಡೆದುಹೋಗಿತ್ತು. ಅವರು ಹೆಲ್ಮೆಟ್ಟಿನಿಂದ ತಲೆ ಕಳಚಿಕೊಂಡು ಒಂದು ಪಕ್ಕಕ್ಕೆ ಬಿದ್ದಿದ್ದರು. ಹೆಗಲಿನ ಮೂಳೆ ಮುರಿದಿತ್ತು. ಮೇಲಕ್ಕೆ ಎತ್ತುವಾಗ ಅವರು ಹೇಳಿದ್ದು, "ಮೆಲ್ಲಗೆ ಮಾ. ಎಣ್ಣೆ ಇದೆ, ಜಾರ್ತೀಯ."

ಮರುದಿನ ಮ್ಯಾನೇಜರ್ ನನ್ನನ್ನು ಕರೆಸಿದರು. ಧಾರವಾಡ ಕಡೆಯವರು. ಕೆಟ್ಟವರಲ್ಲ. ಅವರ ಮೇಲೂ ಹೆಡ್ ಆಫೀಸ್ ಕೂತಿತ್ತು.

"ನೋಡ್ರಿ ಮೇಡಂ, ಭಾಳ ಉದ್ದ ಬೇಕಾಗಿಲ್ಲ. ಆಪರೇಟರ್ ತಪ್ಪು ಕೀ ಒತ್ತಿದಳು, ಅಜಾಗರೂಕತೆ. ನೀವು ಅಲ್ಲೇ ಇದ್ರಿ. ಇಷ್ಟು ಬರದು ಸಹಿ ಮಾಡ್ರಿ."

"ಅವಳೇ ನಿಲ್ಲಿಸಿದ್ದು ಸರ್."

"ಅದನ್ನೂ ಬರೀರಿ, ಯಾರು ಬ್ಯಾಡ ಅಂತಾರ? ಆದ್ರ ಒತ್ತಿದ್ದು ಅಕಿನೇ ಹೌದಿಲ್ರಿ?"

"ಒತ್ತಿದ್ದು ಅವಳು. ಒತ್ತಿದರೆ ಬೀಳುವ ಹಾಗೆ ಇಟ್ಟಿದ್ದು ಅವಳಲ್ಲ. ನಾನು ಹಾಗೆ ಬರೆಯುವುದಿಲ್ಲ."

ಅವರು ಕನ್ನಡಕ ತೆಗೆದು ಒರೆಸಿದರು. ನಾನು ಬರೆಯಲಿಲ್ಲ. ಈಗಲೂ ಬರೆಯುವುದಿಲ್ಲ. ವಿಚಾರಣೆ ಮುಗಿಯುವವರೆಗೆ ಅವಳನ್ನು ಪ್ಯಾಕಿಂಗಿಗೆ ಹಾಕಿದರು. ಅವಳದು ಕಾಂಟ್ರಾಕ್ಟ್ ಕೆಲಸ. ಈ ಆರೋಪ ಅಂಟಿದರೆ ಮುಂದೆ ಕೆಜಿಎಫ್‌ನಲ್ಲಿ ಯಾವ ಗೇಟಿನೊಳಗೂ ಅವಳನ್ನು ಬಿಡುವುದಿಲ್ಲ. ಅದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಮೊದಲ ಉಪಾಯ ಆಫೀಸಿನದು. ಕೀಬೋರ್ಡಿನ ಮೇಲ್ಗಡೆ ಒಂದು ಚೀಟಿ: ಮೂರು ಕೀ ಒತ್ತಬಾರದು. ಪಕ್ಕದ ಕಂಪ್ಯೂಟರಿನಲ್ಲಿ ಒತ್ತಲೇಬೇಕು, ಇಲ್ಲಿ ಒತ್ತಲೇಬಾರದು. ಮೊದಲ ದಿನ ಎಲ್ಲರೂ ಓದಿದರು. ಅದರ ಮರುದಿನ ಯಾರಿಗೂ ಅದು ಕಾಣಿಸಲಿಲ್ಲ.

ಎರಡನೆಯದು ಶಾಪಿನವರದು. ಯಾರೋ ಸ್ಕ್ರೂಡ್ರೈವರಿನಿಂದ ಡಿಲೀಟ್ ಕೀಯನ್ನೇ ಎಬ್ಬಿ ತೆಗೆದು, ಆ ತೂತಿಗೆ ಎಂಸೀಲ್ ಅಂಟು ಮೆತ್ತಿದರು. ನನಗೂ ಇದು ಹಿಡಿಸಿತು. ಕಿತ್ತ ಹಲ್ಲು ಮತ್ತೆ ಕಚ್ಚುವುದಿಲ್ಲ ಎಂದುಕೊಂಡೆ. ಆದರೂ ಪಂಪ್ ನಿಲ್ಲಿಸಿ, ಅದರ ಸ್ವಿಚ್ಚಿಗೆ ಬೀಗ ಹಾಕಿಸಿ, ಕೂತು ಒಂದೊಂದೇ ಕೀ ಪರೀಕ್ಷಿಸಿದೆ. ಬಲಗಡೆ ಅಂಕಿಗಳ ಗುಂಪಿನಲ್ಲಿ ಕೆಳಗೊಂದು ಚುಕ್ಕಿಯ ಕೀ ಇದೆ. ಕಂಟ್ರೋಲ್, ಆಲ್ಟ್ ಜೊತೆ ಅದನ್ನು ಒತ್ತಿದೆ. ಪರದೆ ಕಪ್ಪಾಯಿತು. ಆ ಚುಕ್ಕಿಯೂ ಡಿಲೀಟ್‌ನ ಕೆಲಸವನ್ನೇ ಮಾಡುತ್ತದೆ. ಓಕೆಗಳು ಮತ್ತೆ ಏರತೊಡಗಿದವು. ನಾನು ಎದ್ದು ಹೊರಗೆ ಹೋಗಿ ನಲ್ಲಿಯ ಕೆಳಗೆ ಮುಖ ಹಿಡಿದೆ.

ಇದನ್ನು ಕೀಬೋರ್ಡಿನಲ್ಲಿ ನಿಲ್ಲಿಸಲಾಗದು, ಒಳಗೇ ನಿಲ್ಲಿಸಬೇಕು ಎಂದು ನನಗೆ ಅಲ್ಲಿಗೆ ಖಚಿತವಾಯಿತು. ಯಂತ್ರ ಮಾರಿದ ಕಂಪನಿಯ ಎಂಜಿನಿಯರಿಗೆ ಫೋನ್ ಮಾಡಿದೆ.

"ಮೇಡಂ, ಸಾಫ್ಟ್‌ವೇರ್ ಮುಟ್ಟಿದ್ರೆ ವಾರಂಟಿ ಹೋಗುತ್ತೆ. ಅದು ನಿಮ್ಮ ಜನಕ್ಕೆ ಟ್ರೇನಿಂಗ್ ಕೊಡೋ ವಿಷಯ," ಎಂದ.

"ಕೋಣ ತಾನಾಗಿ ಕೊಟ್ಟಿಗೆಗೆ ಹೋಗೋದನ್ನಾದರೂ ತೆಗೀರಿ."

"ಯಾವ ಕೋಣ?"

ವಿವರಿಸಿದೆ. ಅದು ಮುಂದಿನ ಆವೃತ್ತಿಯಲ್ಲಿ ಬರಬಹುದು ಎಂದ. ಯಾವಾಗ ಎಂದು ಕೇಳಿದರೆ, ಮೇಲ್ ಹಾಕಿ ಎಂದು ಫೋನ್ ಇಟ್ಟ. ಅಲ್ಲಿಯವರೆಗೆ ಗುಂಡಿಗೆ ಇಳಿಯುವವರು ಇಳಿಯುತ್ತಲೇ ಇರುತ್ತಾರೆ. ಸೋರಿಕೆ ಹುಡುಕದೆ ಒಂದು ಸಿಲಿಂಡರೂ ಗೇಟು ದಾಟುವುದಿಲ್ಲ. ಮ್ಯಾನೇಜರನ್ನು ಕೇಳಿದೆ. "ವಾರಂಟಿಯೊಳಗ ಐತಿ, ಕೈ ಹಾಕಬ್ಯಾಡ್ರಿ," ಎಂದರು.

ಅವತ್ತು ರೈಲಿನಲ್ಲಿ ಸೀಟು ಸಿಕ್ಕಿತ್ತು. ಕೂರಲು ಆಗಲಿಲ್ಲ, ಬಾಗಿಲ ಬಳಿ ನಿಂತೇ ಇದ್ದೆ. ಬಂಗಾರಪೇಟೆ ಬರುವಷ್ಟರಲ್ಲಿ ನಿರ್ಧಾರ ಆಗಿತ್ತು. ಕೈ ಹಾಕುತ್ತೇನೆ. ಆದರೆ ಅವರದಕ್ಕಲ್ಲ.

ಬೆಳಿಗ್ಗೆ ಕಂಪ್ಯೂಟರಿನ ಡಿಸ್ಕನ್ನು ಪೂರ್ತಿ ನಕಲು ಮಾಡಿದೆ. ಮೂಲ ಡಿಸ್ಕನ್ನು ಬಿಚ್ಚಿ, ಬಟ್ಟೆಯಲ್ಲಿ ಸುತ್ತಿ, ಬೀರುವಿನಲ್ಲಿಟ್ಟು ಬೀಗ ಹಾಕಿದೆ. ಕಂಪನಿ ಕೊಟ್ಟದ್ದನ್ನು ಯಾರೂ ಮುಟ್ಟಿಲ್ಲ, ಬೇಕಾದಾಗ ಬಂದು ನೋಡಿಕೊಳ್ಳಲಿ. ನಾನು ಮುಟ್ಟಿದ್ದು ನಕಲನ್ನು.

ಲಿನಕ್ಸಿನಲ್ಲಿ ಮೂರು ಕೀಯ ಒತ್ತು ನೇರವಾಗಿ ಯಂತ್ರವನ್ನು ಬೀಳಿಸುವುದಿಲ್ಲ. ಅದು ಎಲ್ಲಕ್ಕಿಂತ ಮೊದಲು ಏಳುವ, ಉಳಿದೆಲ್ಲವನ್ನೂ ಎಬ್ಬಿಸುವ ಮೂಲ ಪ್ರೋಗ್ರಾಮಿಗೆ ಒಂದು ಸುದ್ದಿ ಮುಟ್ಟಿಸುತ್ತದೆ. ಸುದ್ದಿ ಬಂದರೆ ಏನು ಮಾಡಬೇಕೆಂದು ಹೇಳುವ ಪುಟ್ಟ ಕಡತವೊಂದಿದೆ. ಮೊದಲಿನಿಂದಲೂ ಅದು ಮರುಚಾಲನೆಯ ಕಡೆಗೆ ಬೆರಳು ತೋರಿಸುತ್ತಿರುತ್ತದೆ. ಆ ಕಡತವನ್ನು ಮುಚ್ಚಿಬಿಡಬಹುದು. ಮುಚ್ಚಿದೆ. ಪಂಪಿಗೆ ಬೀಗ ಹಾಕಿಸಿ, ಮೂರು ಕೀ ಒತ್ತಿದೆ. ಏನೂ ಆಗಲಿಲ್ಲ. ಚುಕ್ಕಿಯ ಕೀ ಜೊತೆ ಒತ್ತಿದೆ. ಏನೂ ಆಗಲಿಲ್ಲ. ಪೆಟ್ಟಿಗೆಯ ಮೇಲಿನ ಪವರ್ ಬಟನ್ನಿಗೂ ಕಿವುಡು ಬರಿಸಿದೆ. ಮಧ್ಯಾಹ್ನ ಊಟದ ಡಬ್ಬಿ ತೆಗೆದುಕೊಂಡು ಪ್ಯಾಕಿಂಗಿಗೆ ಹೋದೆ.

ಆಪರೇಟರ್ ರಟ್ಟಿನ ಪೆಟ್ಟಿಗೆಗಳ ನಡುವೆ ಕೂತು ಮುದ್ದೆ ಮುರಿಯುತ್ತಿದ್ದಳು. ಹೇಳಿದೆ. ಅವಳು ನಗಲಿಲ್ಲ.

"ಒತ್ತುದ್ರೆ ಏನೂ ಆಗಲ್ವಾ?"

"ಏನೂ ಆಗಲ್ಲ."

"ಅಂಗಾರೆ ಬಿಡ್ತಾರಾ? ಆಜರಿ ಓಗ್ತದೆ ಅಂತ ಎದೆ ಡವಡವ ಅಂತಿರ್ತದೆ. ಒಂದ್ ಕಿತ ಒತ್ತುದ್ರೆ ಆಗ್ಲಿಲ್ಲ ಅಂದ್ರೆ ಸುಮ್ನೆ ಕೂತ್ಕಂತೀವಾ? ಪಟಪಟ ಪಟಪಟ ಒಡೀತೀವಿ. ಬಾಗ್ಲು ತೆಗೀದಿದ್ರೆ ಎಂಗ್ ಬಡೀತೀವೋ ಅಂಗೆ."

ನನ್ನ ಊಟ ಅಲ್ಲಿಗೇ ನಿಂತಿತು. ಡಬ್ಬಿ ಅವಳ ಕೈಗೆ ಕೊಟ್ಟು ವಾಪಸ್ ಓಡಿದೆ. ಬೀಗ ಇನ್ನೂ ಇದೆಯೇ ನೋಡಿದೆ, ಇತ್ತು. ಕಂಟ್ರೋಲ್, ಆಲ್ಟ್ ಒತ್ತಿ ಹಿಡಿದು, ಇನ್ನೊಂದು ಬೆರಳಿನಿಂದ ಚುಕ್ಕಿಯ ಮೇಲೆ ಅವಳು ಹೇಳಿದಂತೆ ಪಟಪಟ ಹೊಡೆದೆ. ಪರದೆ ಕಪ್ಪಾಯಿತು.

ಕೈಪಿಡಿಯಲ್ಲಿ ಅದು ಇತ್ತು. ನಾನು ಅಲ್ಲಿಯವರೆಗೆ ಓದಿರಲಿಲ್ಲ. ಎರಡು ಸೆಕೆಂಡಿನೊಳಗೆ ಏಳಕ್ಕಿಂತ ಹೆಚ್ಚು ಸಲ ಆ ಸುದ್ದಿ ಬಂದರೆ, ಮನುಷ್ಯ ಹತಾಶನಾಗಿದ್ದಾನೆ ಎಂದು ಮೂಲ ಪ್ರೋಗ್ರಾಮ್ ತಿಳಿಯುತ್ತದೆ. ಆಗ ಕಡತ ಮುಚ್ಚಿದ್ದರೂ ಲೆಕ್ಕಿಸದೆ, ನಡೆಯುತ್ತಿರುವ ಕೆಲಸಗಳಿಗೆ ನಿಲ್ಲಿ ಎಂದೂ ಹೇಳದೆ, ತಕ್ಷಣ ಬೀಳಿಸಿ ಎಬ್ಬಿಸುತ್ತದೆ. ನನ್ನ ಅರ್ಧ ಔಷಧಿಯಿಂದ ರೋಗ ಇನ್ನೂ ಚುರುಕಾಗಿತ್ತು.

ಆ ಮೂಲ ಪ್ರೋಗ್ರಾಮಿನ ಸ್ವಂತ ಕಡತದಲ್ಲಿ ಅದಕ್ಕೂ ಒಂದು ಸಾಲಿದೆ. ಹತಾಶರಿಗೆ ಏನು ಮಾಡಬೇಕು ಎಂಬಲ್ಲಿ 'ಏನೂ ಬೇಡ' ಎಂದು ಬರೆದೆ. ಬರೆದರೆ ಸಾಲದು, ಇನ್ನೊಮ್ಮೆ ಓದಿಕೋ ಎಂದು ಅದಕ್ಕೆ ಹೇಳಬೇಕು. ಹೇಳಿದೆ. ಹೊಡೆದೆ, ಮತ್ತೂ ಹೊಡೆದೆ, ಬೆರಳು ನೋಯುವವರೆಗೆ ಹೊಡೆದೆ. ಕಂಪ್ಯೂಟರ್ ಅಲ್ಲಾಡಲಿಲ್ಲ.

ಆದರೂ ಅವಳ ಮಾತು ಕೊರೆಯುತ್ತಿತ್ತು. ಉತ್ತರ ಬಾರದ ಬಾಗಿಲನ್ನು ಜನ ಬಡಿಯುತ್ತಲೇ ಇರುತ್ತಾರೆ. ಇಲ್ಲಿ ಬಡಿದು ಸಾಕಾದರೆ ಪೆಟ್ಟಿಗೆಯ ಹಿಂದಿನ ವೈರ್ ಕೀಳುತ್ತಾರೆ. ಅದಕ್ಕೆ ಮುಚ್ಚಿದ ಕಡತವನ್ನು ಮತ್ತೆ ತೆರೆದೆ. ಮರುಚಾಲನೆಯ ಬದಲು ಬೇರೊಂದು ಕೆಲಸ ಕೊಟ್ಟೆ: ಮೂರು ಕೀ ಒತ್ತಿದವರ ಎದುರಿಗೆ ದೊಡ್ಡ ಅಕ್ಷರದಲ್ಲಿ ಎರಡು ಸಾಲು ಬರಬೇಕು, ಪೆಟ್ಟಿಗೆ ಒಂದು ಸಲ ಕೂಗಬೇಕು. ಆ ಕಪ್ಪು ಪರದೆಗೆ ಕನ್ನಡ ಅಕ್ಷರ ಬರುವುದಿಲ್ಲ. ನಮ್ಮ ಊರಿನಲ್ಲಿ ಕನ್ನಡ, ತಮಿಳು, ತೆಲುಗು ಎಲ್ಲವನ್ನೂ ಫೋನಿನಲ್ಲಿ ಇಂಗ್ಲಿಷ್ ಅಕ್ಷರದಲ್ಲೇ ಬರೆದು ಅಭ್ಯಾಸ, ಹಾಗೇ ಬರೆದೆ. ಗುಂಡಿಯಲ್ಲಿ ಆಳಿದ್ದಾರೆ. ಹಾಜರಿ ಪಕ್ಕದ ಕಂಪ್ಯೂಟರಿನಲ್ಲಿ.

ಗಂಟೆಯ ಉಪಾಯ ಫಿಟ್ಟರ್ ಅಣ್ಣನದು. ಅವರ ಮನೆ ಕೆಜಿಎಫ್‌ನ ಹಳೆಯ ಗಣಿ ಬಡಾವಣೆ ಮೈಸೂರು ಮೈನ್ಸ್ ಕಡೆ. ತೋಳನ್ನು ಕೊರಳಿಗೆ ಕಟ್ಟಿಕೊಂಡು, ರಜೆ ಇದ್ದರೂ, ಒಂದು ಮಧ್ಯಾಹ್ನ ಶಾಪಿಗೆ ಬಂದು ಕೂತರು.

"ಅಣ್ಣ, ಮನೇಲಿ ಇರಬಾರದಾ?" ಎಂದೆ.

"ಮನೇಲಿ ಇದ್ರೆ ನಿಮ್ಮತ್ತಿಗೆ ಕೊತ್ತಂಬ್ರಿ ಬಿಡ್ಸು ಅಂತಾಳೆ ಮಾ. ಒಂದು ಕೈಲಿ ಎಂಗೆ ಬಿಡ್ಸೋದು?"

ನಾನು ಮಾಡಿದ್ದನ್ನು ತೋರಿಸಿದೆ. ನೋಡಿ ತಲೆಯಾಡಿಸಿದರು. "ಅದು ಸರಿ. ಗುಂಡೀಲಿ ಆಳಿದ್ದಾರೆ ಅಂತ ನಿನ್ ಡಬ್ಬ ಯಾವಾಗ್ಲೂ ಕೂಗ್ತದೆ. ಯಾರೂ ಇಲ್ದಾಗ್ಲೂ ಕೂಗ್ತದೆ. ನಾಲ್ಕು ದಿನ ಆದ್ಮೇಲೆ ಯಾರ್ ನಂಬ್ತಾರೆ? ಒಳಗೆ ಇರೋನು ಕೂಗ್ಬೇಕು ಮಾ, ನಾನ್ ಇದೀನಿ ಅಂತ."

ಗಣಿ ನಡೆಯುತ್ತಿದ್ದ ಕಾಲದಲ್ಲಿ ಪಂಜರವನ್ನು, ಅಂದರೆ ಗಣಿಯ ಲಿಫ್ಟನ್ನು, ಕೆಳಗಿಳಿಸುವ ಮೊದಲು ಗಂಟೆ ಹೊಡೆಯುತ್ತಿದ್ದರು. ಮೂರು ಹೊಡೆತ ಎಂದರೆ ಪಂಜರದಲ್ಲಿ ಮನುಷ್ಯರಿದ್ದಾರೆ. ಕೆಜಿಎಫ್‌ನಲ್ಲಿ ಇದು ಗಣಿ ಕಾಣದ ಮಕ್ಕಳಿಗೂ ಗೊತ್ತು. ಎಲೆಕ್ಟ್ರಿಷಿಯನ್ ಗುಂಡಿಯೊಳಗೆ, ಅಂಚಿನಿಂದಲೂ ಕೈಗೆಟುಕುವ ಹಾಗೆ, ಒಂದು ಬಟನ್, ಕಂಟ್ರೋಲ್ ರೂಮಿನಲ್ಲಿ ಒಂದು ಗಂಟೆ ಕೂಡಿಸಿದ. ಇಳಿದವರು ಮೂರು ಹೊಡೆಯಬೇಕು, ಹತ್ತಿದ ಮೇಲೆ ಒಂದು. ನಾನು ಆ ವೈರನ್ನು ಕಂಪ್ಯೂಟರಿಗೂ ತಂದೆ. ಮೂರು ಕೇಳಿದ ಮೇಲೆ ಒಂದು ಕೇಳುವವರೆಗೆ ಮಾತ್ರ ಪರದೆಯಲ್ಲಿ ಆಳಿದ್ದಾರೆ ಎಂದು ಬರುವಂತೆ ಮಾಡಿದೆ. ಉಳಿದ ಹೊತ್ತಿನಲ್ಲಿ ಹಾಜರಿಯ ಸಾಲು ಮಾತ್ರ.

ಸುದ್ದಿ ಮೇಲಕ್ಕೆ ಹೋಯಿತು. ಮಾರಿದ ಕಂಪನಿಯ ಎಂಜಿನಿಯರ್ ಬರುತ್ತಾನೆ, ಎಲ್ಲ ಮೊದಲಿನಂತಿರಬೇಕು ಎಂದು ಮ್ಯಾನೇಜರ್ ಹೇಳಿದರು.

"ಇರುತ್ತೆ ಸರ್. ಮೂಲ ಡಿಸ್ಕ್ ಬೀರುವಿನಲ್ಲಿದೆ. ಅವರ ಎದುರಿಗೇ ಹಾಕುತ್ತೇನೆ. ಆದರೆ ಒತ್ತುವುದೂ ಅವರೇ."

"ಏನ್ ಮಾಡ್ಬೇಕಂತೀರಿ?"

"ಅವರದು ಸರಿ ಇದ್ದರೆ ಒಬ್ಬರು ಗುಂಡಿಗೆ ಇಳಿಯಲಿ."

"ಸಿಟ್ಟಿನ್ಯಾಗ ಮಾತಾಡಬ್ಯಾಡ್ರಿ."

"ಸಿಟ್ಟಿನಲ್ಲೇ ಮಾತಾಡುತ್ತಿದ್ದೇನೆ ಸರ್," ಎಂದೆ.

ಎಂಜಿನಿಯರ್ ಬಂದ. ನನಗಿಂತ ಚಿಕ್ಕವನು, ಹೊಸ ಬಿಳಿ ಹೆಲ್ಮೆಟ್. ಮೂಲ ಡಿಸ್ಕ್ ಹಾಕಿದೆ. ಪಂಪ್ ನಡೆಸಿದರು. ಶಾಪಿನ ಜನ ಗುಂಡಿಯ ಸುತ್ತ ಸೇರಿದರು, ಪ್ಯಾಕಿಂಗಿನಿಂದ ಆಪರೇಟರೂ ಬಂದು ಕಂಬದ ಪಕ್ಕ ನಿಂತಳು. ಕೆಂಪು ಬಟನ್ನಿನ ಹತ್ತಿರ. ಗುಂಡಿಯೊಳಗೆ ಯಾರೂ ಇಳಿಯಲಿಲ್ಲ, ಯಾರೂ ಇಳಿಯಲೂ ಬಾರದು. ಫಿಟ್ಟರ್ ಅಣ್ಣ ಒಂದೇ ಕೈಯನ್ನು ಎಂಜಿನಿಯರ್ ಕಡೆ ಚಾಚಿದರು.

"ಸಾರ್, ನಿಮ್ ಟೋಪಿ ಕೊಡಿ."

"ಯಾಕೆ?"

"ನಂದು ಒಡೆದೋಯ್ತು ಸಾರ್. ಅಲ್ಲೇ ಕೂತಿತ್ತು."

ಯಾರೋ ಕಿಸಕ್ಕೆಂದರು. ಅವನು ಮ್ಯಾನೇಜರ್ ಮುಖ ನೋಡಿದ. ಮ್ಯಾನೇಜರ್ ನೆಲ ನೋಡಿದರು. ಕೊಟ್ಟ. ಅಣ್ಣ ಒಂದು ಉದ್ದನೆಯ ಕೋಲಿನ ತುದಿಗೆ ಅದನ್ನು ಸಿಕ್ಕಿಸಿ, ಕೋಣದ ಹಿಂದೆ, ತಾವು ಕೂತಿದ್ದ ಜಾಗದಲ್ಲೇ ಗೋಡೆಗೆ ಒರಗಿಸಿ ಇಟ್ಟರು.

"ಈಗ ಒತ್ತಿ," ಎಂದೆ.

ಒತ್ತಿದ. ಒಂದೂವರೆ ನಿಮಿಷ. ಈ ಸಲ ಯಾರೂ ಮಾತಾಡಲಿಲ್ಲ. ನಾನು ಪರದೆ ನೋಡಲಿಲ್ಲ. ಓಕೆಗಳು ಏರುತ್ತಿರುವುದು ಬೆನ್ನಿಗೇ ಗೊತ್ತಾಗುತ್ತಿತ್ತು. ಹಳಿ ಸದ್ದು ಮಾಡಿತು. ಕೋಣ ಅವಸರವಿಲ್ಲದೆ ಹಿಂದಕ್ಕೆ ಬಂತು, ಸಂಜೆ ಮನೆಗೆ ಮರಳುವ ದನದ ಹಾಗೆ. ಟೋಪಿ ಮೊದಲು ಸೊಟ್ಟಗಾಯಿತು. ಆಮೇಲೆ ತಟ್ಟೆಯಾಯಿತು.

ಎಂಜಿನಿಯರ್ ತನ್ನ ತಲೆಯನ್ನು ಮುಟ್ಟಿಕೊಂಡ. ಮುಟ್ಟಿಕೊಂಡದ್ದು ಅವನಿಗೇ ತಿಳಿದಿರಲಿಲ್ಲ.

ನಾನು ಕಂಪ್ಯೂಟರ್ ನಿಲ್ಲಿಸಿ ನಕಲು ಡಿಸ್ಕ್ ಹಾಕಿದೆ. ಕೋಣವನ್ನು ಮತ್ತೆ ಮುಂದಕ್ಕೆ ತಂದು ನಿಲ್ಲಿಸಿದೆವು. ಇನ್ನೊಂದು ಟೋಪಿ ಬೇಕಾಗಿತ್ತು. ಯಾರೂ ಕೇಳುವ ಮೊದಲೇ ಮ್ಯಾನೇಜರ್ ತಮ್ಮದನ್ನು ತೆಗೆದು ಫಿಟ್ಟರ್ ಅಣ್ಣನ ಕೈಗಿಟ್ಟರು. ಅಣ್ಣ ಅದನ್ನು ಇಟ್ಟು, ಬಟನ್ನಿನ ಮೇಲೆ ಕೋಲಿನಿಂದಲೇ ಮೂರು ಸಲ ಕುಟ್ಟಿದರು. ಗಂಟೆ ಮೂರು ಸಲ ಹೊಡೆಯಿತು.

"ನೀವು ಒತ್ತಿ," ಎಂದು ಆಪರೇಟರಿಗೆ ಹೇಳಿದೆ.

"ನಾನ್ ಒಲ್ಲೆ ಮೇಡಂ. ಆವತ್ತಿಂದ ಮನೇಲಿ ಟೀವಿ ರಿಮೋಟೂ ಮುಟ್ಟಿಲ್ಲ ನಾನು."

"ಅದಕ್ಕೇ ನೀವು."

"ಒತ್ತು ತಾಯೀ," ಎಂದರು ಫಿಟ್ಟರ್ ಅಣ್ಣ. "ಟೋಪಿ ತಾನೇ. ಅದ್ರೊಳ್ಗೆ ಏನೂ ಇಲ್ಲ, ಸಾರ್ ತಲೆ ಇಲ್ಲೇ ಇದೆ."

ಶಾಪೆಲ್ಲ ನಕ್ಕಿತು. ಮ್ಯಾನೇಜರೂ ನಕ್ಕರು. ಅವಳು ಒಳಗೆ ಬಂದಳು. ಮೂರು ಬೆರಳಿಟ್ಟಳು. ಪೆಟ್ಟಿಗೆ ಕೂಗಿತು, ಸಾಲು ಬಂತು: ಗುಂಡಿಯಲ್ಲಿ ಆಳಿದ್ದಾರೆ. ಅವಳು ನನ್ನ ಕಡೆ ತಿರುಗದೆ, ಹಲ್ಲು ಕಚ್ಚಿ, ಇಷ್ಟು ದಿನದ ಸಿಟ್ಟನ್ನೆಲ್ಲ ಆ ಒಂದು ಕೀಯ ಮೇಲೆ ತೀರಿಸಿಕೊಂಡಳು. ಪಟಪಟ, ಪಟಪಟ, ಪಟಪಟ. ನಾನೇ ಕೊನೆಗೆ ಅವಳ ಕೈ ಹಿಡಿಯಬೇಕಾಯಿತು. ಗುಂಡಿಯಲ್ಲಿ ಟೋಪಿ ಇಟ್ಟ ಹಾಗೇ ಇತ್ತು.

"ಕೋಣ ತಾನಾಗಿ ಹೋಗೋದನ್ನ ತೆಗೀತೀವಿ," ಎಂದ ಎಂಜಿನಿಯರ್, ಬರಿ ತಲೆಯಲ್ಲಿ. "ಅಲ್ಲೀವರೆಗೆ ನಿಮ್ಮ ಡಿಸ್ಕೇ ಇರಲಿ." ವಾರಂಟಿಯ ಮಾತು ಅವತ್ತು ಯಾರ ಬಾಯಿಂದಲೂ ಬರಲಿಲ್ಲ. ಹೆಡ್ ಆಫೀಸಿಗೆ ನಾನು ನಡೆದದ್ದನ್ನು ನಡೆದಂತೆ ಬರೆದೆ. ಅಜಾಗರೂಕತೆ ಎಂಬ ಪದವನ್ನೂ ಬರೆದೆ. ಆದರೆ ಅದನ್ನು ಇಟ್ಟಿದ್ದು ಯಂತ್ರ ಮಾರಿದ ಕಂಪನಿಯ ಹೆಸರಿನ ಮುಂದೆ. ಮ್ಯಾನೇಜರ್ ಓದಿ, ಒಂದು ಪದವನ್ನೂ ಬದಲಿಸದೆ ಕಳಿಸಿದರು. ಆಪರೇಟರ್ ತನ್ನ ಶಿಫ್ಟಿಗೆ ವಾಪಸ್ ಬಂದಳು.

ಇಷ್ಟಾದರೂ ನನಗೆ ನಿದ್ದೆ ಬರಲಿಲ್ಲ. ಬಂಗಾರಪೇಟೆಯಲ್ಲಿ ನಮ್ಮ ಮನೆ ರೈಲು ಹಳಿಯ ಪಕ್ಕ. ರೈಲಿನ ಸದ್ದಿಗೆ ನಾನು ಎಂದೂ ಎದ್ದವಳಲ್ಲ. ಈಗ ಪ್ರತಿ ಗಾಡಿಗೂ ಎದ್ದು ಕೂರುತ್ತಿದ್ದೆ, ಏಕೆಂದರೆ ಅದು ಹಳಿಯ ಸದ್ದು. ಜೊತೆಗಿರುವ ಅತ್ತೆ ಏನೂ ಕೇಳುತ್ತಿರಲಿಲ್ಲ. ತಮ್ಮ ಹಾಸಿಗೆಯನ್ನು ನನ್ನ ಕೋಣೆಗೇ ತಂದು ಹಾಕಿಕೊಂಡರು, ಅಷ್ಟೆ. "ಪಡುಕೋ ಅಮ್ಮಾಯಿ, ರೈಲು ಅದರ ದಾರೀಲಿ ಹೋಗ್ತದೆ," ಎಂದು ತೆಲುಗು ಬೆರೆಸಿ ಹೇಳಿ ಮಲಗಿಸುತ್ತಿದ್ದರು.

ಆಮೇಲೊಂದು ಶನಿವಾರ. ನಾನು ಮನೆಗೆ ಬಂದು ಕೈಕಾಲು ತೊಳೆಯುತ್ತಿದ್ದೆ. ಆಪರೇಟರ್ ಫೋನ್ ಮಾಡಿದಳು. ಒದ್ದೆ ಕೈಯಲ್ಲೇ ಎತ್ತಿಕೊಂಡೆ. ಅತ್ತ ಕಡೆ ಅವಳು ಉಸಿರು ಕಟ್ಟಿ ನಗುತ್ತಿದ್ದಳು.

"ಮೇಡಂ, ಯಾರ್ಗೂ ಏಳ್ಬ್ಯಾಡಿ. ಇವತ್ತು ಅಣ್ಣ ಮೊದಲ್ನೇ ದಿನ ಡ್ಯೂಟಿಗೆ ಬಂದು ಗುಂಡೀಗಿಳಿದಿದ್ರು. ಪಂಪ್ ನಡೀತಿತ್ತು. ಆಜರಿ ಯಾರ್ಯಾರ್ದು ಬಂದದೆ ನೋಡ್ತೀನಿ ಅಂತ ಮ್ಯಾನೇಜರ್ ಸಾರ್ ಬಂದ್ರು. ಬಂದೋರೇ ಒತ್ತುಬುಟ್ರು."

"ಯಾವುದನ್ನ?"

"ನಮ್ದನ್ನೇ. ಕೋಣದ್ದನ್ನ. ಮೂರೂ ಒತ್ತುಬುಟ್ರು. ಆಮೇಲೆ ಪಟಪಟಾಂತಲೂ ಒಡೆದ್ರು."

"ಆಮೇಲೆ?"

"ಆಮೇಲೇನು, ಕೂಗ್ತು. ಓದುದ್ರು. ಗೋಡೆ ಇಡ್ಕಂಡು ನಿಂತ್ಕಂಡ್ರು. ಅಕಿ ಅಂತಿದ್ರಲ್ಲ ನನ್ನ, ಇವತ್ತು ಏನಂದ್ರು ಗೊತ್ತಾ? 'ಅಕ್ಕಾರ, ಒಂಚೂರು ನೀರು ಕೊಡ್ರಿ' ಅಂದ್ರು."

"ಅಣ್ಣ?"

"ಅವ್ರಿಗೇನು, ಸೋರಿಕೆ ಸಿಕ್ತು ಅಂತ ಮೇಲಕ್ಕೆ ಬಂದು ಒಂದ್ ಕಿತ ಗಂಟೆ ಒಡೆದ್ರು. ಕೋಣ ನಿಂತಲ್ಲೇ ನಿಂತಿತ್ತು ಮೇಡಂ."

ಫೋನ್ ಇಟ್ಟು ಊಟ ಮಾಡಿದೆ. ಮಲಗಿದೆ. ಕಣ್ಣು ಬಿಟ್ಟಾಗ ಬಿಸಿಲು ಹಾಸಿಗೆಯ ಕಾಲಿನವರೆಗೆ ಬಂದಿತ್ತು. ಅತ್ತೆಯ ಹಾಸಿಗೆ ಅಲ್ಲಿರಲಿಲ್ಲ. ಸುತ್ತಿಕೊಂಡು ತಮ್ಮ ಕೋಣೆಗೆ ವಾಪಸ್ ಒಯ್ದಿದ್ದರು.

"ರೈಲು ಬರಲಿಲ್ವಾ ಅತ್ತೆ?" ಎಂದು ಅಡುಗೆಮನೆಗೆ ಕೇಳುವಂತೆ ಕೂಗಿದೆ.

"ಎಲ್ಲಾ ಬಂತು," ಎಂದರು. "ಎಲ್ಲಾ ಹೋಯ್ತು."